ಕಡವಿನವರು

"ಏಯ್ ಕಡವಿನೋಳೇ! ಕತ್ತರಿ ಕೆಳಗಿಡು!"

ಕತ್ತರಿಯಣ್ಣನ ಕೂಗಿಗೆ ಅಂಗಡಿಯ ಹೊಲಿಗೆ ಯಂತ್ರಗಳೆಲ್ಲ ಗಪ್‌ಚಿಪ್ಪಾದವು. ಮೇಜಿನ ಮುಂದಿದ್ದ ಹೊಸಬಳು ಕತ್ತರಿಯನ್ನು ಕೆಳಗೂ ಇಡಲಿಲ್ಲ, ಬಟ್ಟೆಗೂ ತಾಗಿಸಲಿಲ್ಲ. ಉತ್ತರ ಬಂದದ್ದು ಹಿಂದಿನ ಕೋಣೆಯಿಂದ.

"ಓ...! ಬಂದೇ! ಬಂದೇ!"

ಬೆನ್ನಿಗೇ ಗುಂಡಿಗಳು ನೆಲಕ್ಕೆ ಚೆಲ್ಲಿದ ಸದ್ದು. ಅದರ ಬೆನ್ನಿಗೆ ಗುಂಡಿಯಜ್ಜಿ. ಯಜಮಾನನ ತಾಯಿ, ಅಂಗಡಿಯ ಅಂಗಿಗಳಿಗೆಲ್ಲ ಗುಂಡಿ ಹೊಲಿಯುವವಳು, ಅವುಗಳನ್ನು ತೊಡುವವರಿಗಿಂತ ಗಟ್ಟಿ ಗುಂಡಿಗೆಯವಳು. ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ತೂಕಡಿಸುತ್ತಿದ್ದವಳು ಹಾಗೇ ಎದ್ದು, ಡಬ್ಬಿ ಹಿಡಿದುಕೊಂಡೇ ಮೇಜಿನವರೆಗೂ ಗುಂಡಿ ಚೆಲ್ಲುತ್ತ ಬಂದಿದ್ದಳು. ಕನ್ನಡಕ ಹಣೆಗೇರಿತ್ತು, ಚಪ್ಪಲಿ ಒಂದೇ ಕಾಲಲ್ಲಿತ್ತು.

"ಯಾರು ಕರೆದಿದ್ದು?"

"ನಿಮ್ಮನ್ನಲ್ಲ ಅಜ್ಜಿ, ಇವಳನ್ನ." ಕತ್ತರಿಯಣ್ಣ ನಗು ತಡೆದುಕೊಂಡ. "ನೀವ್ಯಾವಾಗ ಕಡವಿನೋರಾದ್ರಿ?"

ಎಲ್ಲರೂ ನಕ್ಕರು. ಯಜಮಾನ ಮಾತ್ರ ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

ಅವತ್ತು ಹೊಸಬಳ ಪರೀಕ್ಷೆ. ತಿಂಗಳುಗಟ್ಟಲೆ ಪ್ಯಾಂಟಿನ ಅಂಚು ಮಡಿಚಿ ಹೊಲಿದವಳು. ಉಳಿಕೆ ತುಂಡುಗಳ ಮೇಲೆ ಅವಳ ಕತ್ತರಿ ಓಡುವ ಚೆಂದ ಕಂಡು ಯಜಮಾನನೇ, "ಒಂದು ಕೋಟು ಕತ್ತರಿಸು, ಸರಿಬಂದರೆ ಮೇಜಿಗೆ ಬಾ" ಎಂದಿದ್ದ. ಆ ಕಸುಬಿನಲ್ಲಿ ಹೊಲಿಯುವವರು ಕೂರುತ್ತಾರೆ, ಕತ್ತರಿಸುವವರು ನಿಲ್ಲುತ್ತಾರೆ. ಮರ್ಯಾದೆ, ಸಂಬಳ ಎರಡೂ ನಿಂತವರಿಗೆ. ಅವಳು ಬಟ್ಟೆ ಹಾಸಿ ನಿಂತದ್ದೇ ತಡ, ಕತ್ತರಿಯಣ್ಣನ ತಾಳ್ಮೆಯ ದಾರ ಕಡಿದಿತ್ತು.

"ಯಜಮಾನ್ರೇ, ಅಂಚು ಹೊಲೀಲಿ, ಬೇಡ ಅನ್ನಲ್ಲ. ಮೇಜು ಅಂದ್ರೆ ಹುಡುಗಾಟಾನಾ? ಕಡವಿನೋರು ಕೋಟು ಕತ್ತರಿಸಿದ್ರು ಅಂತ ಗೊತ್ತಾದ್ರೆ ಗಿರಾಕಿಗಳು ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

"ನಾವು ಬಂದಿದ್ದು ಲಾರೀಲಿ ಅಣ್ಣಾ," ಹೊಸಬಳು ಬಾಯಿಬಿಟ್ಟಳು. "ನಮ್ಮ ಕಡೆ ಹೊಳೇನೇ ಇಲ್ಲ. ಕಡವು ಹೇಗಿರುತ್ತೆ ಅಂತ ನಾನು ಕಂಡೂ ಇಲ್ಲ. ನನಗ್ಯಾಕೆ ಆ ಹೆಸರು?"

ಕತ್ತರಿಯಣ್ಣ ತಲೆ ಕೆರೆದುಕೊಂಡ. "ಎಲ್ರೂ ಅಂತಾರೆ, ನಾನೂ ಅಂದೆ."

"ಅಮ್ಮಾ, ನೀನು ಒಳಗೆ ಹೋಗು," ಎಂದ ಯಜಮಾನ, ಮೆಲ್ಲಗೆ.

ಅಜ್ಜಿ ಮಗನ ಮುಖ ನೋಡಿದಳು. ಊರಿನ ಇನ್ನೊಂದು ತುದಿಯಿಂದ ಬಂದು ಈ ಅಂಗಡಿ ತೆರೆದ ದಿನವೇ ಅವನು ಕೇಳಿಕೊಂಡಿದ್ದ: ಕಡವಿನ ಮಾತು ಇಲ್ಲಿ ಎತ್ತಬೇಡಮ್ಮಾ. ಅವಳು ಎತ್ತಿರಲಿಲ್ಲ. ಬಾಯಿಗೆ ಹೇಳಿಟ್ಟಿದ್ದಳು, ಕಾಲಿಗೆ ಹೇಳುವುದು ಬಿಟ್ಟುಹೋಗಿತ್ತು. ಕೂಗು ಕೇಳಿದೊಡನೆ ಅದು ಬಾಯಿಯನ್ನೂ ಎಬ್ಬಿಸಿಕೊಂಡು ತಾನಾಗಿ ಎದ್ದುಬಿಟ್ಟಿತ್ತು.

"ಹೋಗ್ತೀನಿ ಕಣಪ್ಪಾ. ಕರೆದೋರನ್ನ ಒಂದು ಮಾತು ಮಾತಾಡ್ಸಿ ಹೋಗ್ತೀನಿ." ಅಜ್ಜಿ ಸ್ಟೂಲು ಎಳೆದು ಕೂತಳು. "ಕಡವಿನೋರು ಅಂದ್ರೆ ನಾವು. ನಮ್ಮಪ್ಪ ಹೊಳೆ ದಾಟೋ ಕಡವಿನಲ್ಲಿ ದೋಣಿ ಹಾಕ್ತಿದ್ದ. ಆಚೆ ದಡದಿಂದ ಕೂಗು ಬಂದ್ರೆ ಮೊದಲು 'ಬಂದೇ' ಅನ್ನಬೇಕು. ಯಾರು, ಯಾಕೆ ಅನ್ನೋದೆಲ್ಲ ಆಮೇಲೆ. ಬಾಯಲ್ಲಿ ತುತ್ತಿದ್ರೂ ಅನ್ನಬೇಕು. ಮನೇಲಿ ಯಾರ ಕಿವಿಗೆ ಬಿತ್ತೋ ಅವರು ಅನ್ನಬೇಕು, ಮಕ್ಕಳಾದ್ರೂ ಸೈ."

ಅಂಗೈ ಎರಡನ್ನೂ ಬಾಯಿಗೆ ಅಡ್ಡ ಹಿಡಿದಳು. "ಡಾಕ್ಟರು ಕರೆಯೋದು ಹೀಗೆ: 'ಕಡವಿನವರೇ! ಹೆರಿಗೆ! ಬೇಗ!' ಹೊಸ ಅಳಿಯ ಹೀಗೆ..." ದನಿ ನಾಚಿ ನೀರಾಯಿತು. "'ಕಡವಿನೋರೇ... ಅತ್ತೆ ಮನೇಲಿ ದೀಪ ಇದೆಯಾ?' ಕುಡುಕ ಒಬ್ಬ ಬರ್ತಿದ್ದ. 'ದೋಣಿ ಬೇಡ ಕಣ್ರೋ, ಹೊಳೇನೇ ಸ್ವಲ್ಪ ಆ ಕಡೆ ತಳ್ಳಿ!' ಸಾಹೇಬ್ರು ಕರೀತಾನೇ ಇರ್ಲಿಲ್ಲ. ಬರೀ ಕೆಮ್ಮೋರು. ಆ ಕೆಮ್ಮಿಗೂ ನಾವು ಬಂದೇ ಅಂತಿದ್ವಿ."

ಅವಳು ಸಾಹೇಬರ ಕೆಮ್ಮು ಕೆಮ್ಮಿದಾಗ ಕಾಜಾ ಹೊಲಿಯುವವಳು ಬಟ್ಟೆ ತುಂಡಿನಿಂದ ಬಾಯಿ ಒತ್ತಿಕೊಂಡಳು. ಹೊಸಬಳ ತುಟಿಯೂ ಬಿರಿಯಿತು.

"ಸೇತುವೆ ಕೆಲಸ ಶುರುವಾಯ್ತು, ದೋಣಿ ಮಗುಚಿ ಹಾಕಿದ್ವಿ. ನಾವು ಬಿಟ್ಟ ಗುಡಿಸಲಿಗೆ ಸೇತುವೆ ಕಟ್ಟೋರು ಬಂದ್ರು. ಹೆಸರೂ ಅವರ ಪಾಲಾಯ್ತು. ಮೈಯೆಲ್ಲ ಗಾರೆ, ಬಾಯಲ್ಲಿ ಬೇರೆ ಮಾತು. 'ಥೂ, ಕಡವಿನೋರು' ಅಂತ ಜನ ದೂರ ನಿಂತ್ರು. ನಾವೂ ನಿಂತ್ವಿ, ಸುಳ್ಳು ಯಾಕೆ ಹೇಳ್ಲಿ? ಬಾಡಿಗೆ ಮನೆ ಥರ ಕಣಪ್ಪಾ ಆ ಹೆಸರು. ಒಬ್ಬರು ಖಾಲಿ ಮಾಡಿದ್ರೆ ಇನ್ನೊಬ್ಬರು. ಈಗ ಹೊಳೇನೇ ಕಾಣದ ಈ ಹುಡುಗಿ ಸರದಿ." ಅಜ್ಜಿ ಕತ್ತರಿಯಣ್ಣನ ಕಡೆ ತಿರುಗಿದಳು. "ನಿಮ್ಮಪ್ಪ ಸೇತುವೆ ಕೆಲಸಕ್ಕೆ ಬಂದೋರು ಅಂದಿದ್ದೆ ಅಲ್ವಾ ನೀನು?"

"ನಮ್ಮಪ್ಪ ಮೇಸ್ತ್ರಿ ಅಜ್ಜಿ. ಅದು ಬೇರೆ."

"ಮೇಸ್ತ್ರಿ ಮಲಗ್ತಿದ್ದಿದ್ದು ಎಲ್ಲಿ?"

ಕತ್ತರಿಯಣ್ಣ ಕಿವಿಗೆ ಸಿಕ್ಕಿಸಿದ್ದ ಸೀಮೆಸುಣ್ಣ ತೆಗೆದ, ಮತ್ತೆ ಸಿಕ್ಕಿಸಿದ. "ಕಡವಿನಲ್ಲೇ," ಎಂದ ಕಡೆಗೆ. "ಕಡವಿನೋನೇ ಅಂತ ಕರೆದೋನ ಹಲ್ಲು ಉದುರಿಸಿ ಬಂದಿದ್ರು ಒಂದ್ಸಲ."

"ಎಷ್ಟು ಹೊತ್ತಿಂದ ನಿಂತಿದ್ದೀನ್ರೀ ನಾನು?" ಬಾಗಿಲಿನಿಂದ ದನಿ ಬಂತು. ಬ್ಯಾಂಕಿನ ಸಾಹೇಬರು. ಮೇಜಿನ ಮೇಲೆ ಹಾಸಿದ್ದ ಬಟ್ಟೆ ಅವರದೇ. ಅಂಗಡಿಗೆ ಹತ್ತಾರು ಗಿರಾಕಿಗಳನ್ನು ಕರೆತಂದವರೂ ಅವರೇ. "ನನ್ನ ಕೋಟು ಯಾರು ಕತ್ತರಿಸ್ತಾ ಇರೋದು?"

ಕತ್ತರಿಯಣ್ಣ ಯಜಮಾನನನ್ನು ನೋಡಿದ. ಹೊಸಬಳು ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು. ಯಜಮಾನನ ಬೆರಳಿಗೆ ಸುತ್ತಿದ ಅಳತೆ ಪಟ್ಟಿ ಎಷ್ಟು ಬಿಗಿಯಾಗಿತ್ತೆಂದರೆ ಬೆರಳ ತುದಿ ಬೆಳ್ಳಗಾಗಿತ್ತು. ಅಜ್ಜಿ ಮಗನನ್ನು ನೋಡಲಿಲ್ಲ. ನೆಲಕ್ಕೆ ಕೂತು, ಚೆಲ್ಲಿದ ಗುಂಡಿ ಹೆಕ್ಕತೊಡಗಿದಳು.

"ಇವಳು ಸಾರ್," ಎಂದ ಯಜಮಾನ.

"ಹೊಸಬಳಾ? ಯಾವ ಕಡೆಯವಳು?"

"ಕಡವಿನೋಳು ಅಂತಾರೆ." ಅವನು ಪಟ್ಟಿ ಬಿಚ್ಚಿದ. ಅಮ್ಮನ ಪಕ್ಕ ಕೂತು ತಾನೂ ಒಂದು ಗುಂಡಿ ಎತ್ತಿ ಡಬ್ಬಿಗೆ ಹಾಕಿದ. "ನಿಜವಾದ ಕಡವಿನೋರು ನಾವು ಸಾರ್. ಇವರು ನಮ್ಮ ತಾಯಿ. ದೋಣಿ ಹಾಕ್ತಿದ್ದೋರ ಮಗಳು. ನೀವು ಹಾಕ್ಕೊಂಡಿರೋ ಕೋಟೂ ಕಡವಿನೋರದ್ದೇ."

ಸಾಹೇಬರು ತಮ್ಮ ಕೋಟಿನ ತೋಳು ನೋಡಿಕೊಂಡರು. ಗುಂಡಿ ಮುಟ್ಟಿ ನೋಡಿದರು. ಏನೋ ಹೇಳಲು ಹೋಗಿ ಕೆಮ್ಮಿದರು.

"ಬಂದೇ," ಎಂದಳು ಅಜ್ಜಿ, ನೆಲದಿಂದಲೇ.

ಕಾಜಾದವಳಿಗೆ ಇನ್ನು ತಡೆಯಲಾಗಲಿಲ್ಲ. ಸಾಹೇಬರಿಗೆ ನಗು ಯಾಕೆಂದು ತಿಳಿಯಲಿಲ್ಲ. "ಈ ಸಲ ಕಂಕುಳು ಸ್ವಲ್ಪ ಸಡಿಲ ಬಿಡೋಕೆ ಹೇಳಿ," ಎಂದು ಬೆಂಚಿನ ಮೇಲೆ ಕೂತು ಪೇಪರು ಬಿಡಿಸಿದರು.

ಯಂತ್ರಗಳು ಒಂದೊಂದಾಗಿ ಮತ್ತೆ ಶುರುವಾದವು. ಹೊಸಬಳು ಕತ್ತರಿ ಎತ್ತಿಕೊಂಡಳು. ನುಣುಪಾದ, ಉದ್ದನೆಯ ಬಟ್ಟೆ. ಎದುರು ತುದಿಯನ್ನು ಇನ್ನೊಬ್ಬರು ಹಿಡಿಯದಿದ್ದರೆ ಜಾರುವಂಥದ್ದು. ಅವಳು ಯಾರನ್ನೂ ಕರೆಯಲಿಲ್ಲ, ಅಂಗೈಯಿಂದ ಒತ್ತಿ ಹಿಡಿಯಲು ನೋಡಿದಳು. ಕತ್ತರಿಯಣ್ಣ ಗೊಣಗುತ್ತಲೇ ಮೇಜು ಸುತ್ತಿ ಆ ಬದಿಗೆ ಹೋದ. ಬಟ್ಟೆಯ ತುದಿಯನ್ನು ಎರಡೂ ಕೈಯಿಂದ ಬಿಗಿಹಿಡಿದ.

"ಗೆರೆ ಮೇಲೇ ಬಾ. ಅಲ್ಲಿ ಇಲ್ಲಿ ನೋಡಬೇಡ."

ಕತ್ತರಿ ಬಾಯಿ ತೆರೆದು ಬಟ್ಟೆಗೆ ಇಳಿಯಿತು. ಸೀಮೆಸುಣ್ಣದ ಗೆರೆ ಹಿಡಿದು, ಎಲ್ಲೂ ತಡವರಿಸದೆ, ನೇರ ಅವನ ಬೆರಳುಗಳ ಕಡೆಗೇ ಬರತೊಡಗಿತು. ಅವನು ಕೈ ಕದಲಿಸಲಿಲ್ಲ.