ಎರಡೂ ಕೈ ಬೇಕು

ಮೇಷ್ಟ್ರು, ಬಸ್ಸಿನವರು ಎಲ್ಲ ಸೇರಿ ಹೂಡಿದ ಮುಷ್ಕರ ಶುರುವಾಗಿ ನಾಲ್ಕು ವಾರವಾಗಿತ್ತು. ಕೊಹೀರಿನ ಶಾಲೆಗೆ ಬೀಗ, ಜಹೀರಾಬಾದಿನ ಬಸ್ಸುಗಳೆಲ್ಲ ಡಿಪೋದಲ್ಲಿ. ಆ ಶಾಲೆಯ ಮೂವರು ಮೇಷ್ಟ್ರುಗಳಾದ ಸಂಗು, ನಂದಕಿಶೋರ, ಮಂದಾರ ಜೀಪು ಹಿಡಿದು ಬೀದರಿಗೆ ಬಂದು ಅಲ್ಲಿಂದ ಗೋವೆಯ ಬಸ್ಸು ಹತ್ತಿದ್ದರು. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಸಮುದ್ರದಲ್ಲಿ ಸಾಗುವುದನ್ನು ಕಲಿಯಬೇಕೆಂಬುದು ಮಂದಾರನ ಹುಚ್ಚು.

ಕಲಿಸುವ ಸಾಲ್ವಾದೋರ್ ಮೊದಲಿಗೇ ಸಂಗುವಿನ ಕೊರಳ ದಾರ ತೋರಿಸಿ, ತೆಗೆದಿಡು ಎಂದ.

"ಅದು ಇಷ್ಟಲಿಂಗ ಅದರಿ. ಮೈಮ್ಯಾಲಿಂದ ತೆಗ್ಯಂಗಿಲ್ಲ," ಎಂದು ನಂದಕಿಶೋರ ಕನ್ನಡದಲ್ಲೇ ಶುರುಮಾಡಿ ಹಿಂದಿಯಲ್ಲಿ ಮುಗಿಸಿದ.

ಸಂಗು ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಲಿಂಗ ಕಳಕೊಂಡವನು ಜೀವ ಕಳಕೊಂಡಂತೆ ಎಂದು ಅವ್ವ ಈರಮ್ಮ ಹೇಳುತ್ತಿದ್ದುದು ಅವನ ಮೈಗೆ ಹತ್ತಿದ ಮಾತು. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೇಲುವ ಜಾಕೆಟ್ಟಿನೊಳಗೆ ಸೇರಿಸಿಕೊಂಡು ನೀರಿಗಿಳಿದ.

ಬಿದ್ದಾಗಲೆಲ್ಲ ಅವನ ಕೈ ಹಲಗೆಗೆ ಹೋಗುತ್ತಿರಲಿಲ್ಲ, ಎದೆಗೆ ಹೋಗುತ್ತಿತ್ತು. "ದೋನೋ ಹಾಥ್!" ಎಂದು ಸಾಲ್ವಾದೋರ್ ಕೂಗುತ್ತಿದ್ದ. ಎರಡೂ ಕೈಯಿಂದ ಹಗ್ಗ ಎಳೆದರೆ ಮಾತ್ರ ನೀರಲ್ಲಿ ಮಲಗಿದ ಹಾಯಿ ಏಳುತ್ತದೆ.

"ಎದಿ ಹಿಡಕೊಂಡ್ ನಿಂತ್ರ ಮದಿಮಗಳಂಗ ಕಾಣ್ತಿ ಮಗನ!" ಎಂದು ಮಂದಾರ ದಡದಿಂದ ನಕ್ಕ.

ಏಳನೆಯ ಸಲ ಹಾಯಿ ಎದ್ದಿತು. ಗಾಳಿ ತುಂಬಿ ಹಲಗೆ ಜಾರಿತು. ನಗು ಹಿಂದೆ ಉಳಿಯಿತು. ಸಂಗುವಿಗೆ ಹಿತವೆನಿಸುವಷ್ಟರಲ್ಲಿ ದಡ ದೂರವಾಗಿ ಅಂಗೈಯಗಲ ಕಾಣುತ್ತಿತ್ತು. ಗಾಬರಿಯಲ್ಲಿ ಹಾಯಿ ಬಿಟ್ಟ, ಬಿದ್ದ. ಮೇಲೆದ್ದಾಗ ಜಾಕೆಟ್ಟಿನ ಕೊಕ್ಕೆಗೆ ಸಿಕ್ಕು ಕೊರಳ ಶಿವದಾರ ಹರಿದಿತ್ತು. ಕರಡಿಗೆ ಹೊಟ್ಟೆಯತ್ತ ಜಾರುತ್ತಿತ್ತು. ತಡವಿ ಹಿಡಿದ.

ಈಗ ಒಂದೇ ಕೈ ಉಳಿಯಿತು. ಹೇಗೋ ಹಲಗೆ ಹತ್ತಿದ. ಬಾಡಿಗೆಯ ಚಡ್ಡಿಗೆ ಜೇಬಿಲ್ಲ. ಜಾಕೆಟ್ಟಿನಲ್ಲಿಟ್ಟರೆ ಕೆಳಗಿನಿಂದ ಬೀಳುತ್ತದೆ. ಒಂಟಿ ಕೈಯಿಂದ ಹಗ್ಗ ಎಳೆದ. ಹಾಯಿ ಮೊಳದಷ್ಟು ಎದ್ದು ಮತ್ತೆ ಮಲಗಿತು. ಅವನನ್ನು ಕರೆತರಲು ದಡದಲ್ಲಿ ದೋಣಿಯನ್ನು ನೂಕುತ್ತಿದ್ದರು, ಅದರ ಇಂಜಿನ್ನು ಇನ್ನೂ ಶುರುವಾಗಿರಲಿಲ್ಲ. ಗಾಳಿ ಅವನನ್ನು ಬಂಡೆಗಳ ಕಡೆಗೆ ಒಯ್ಯುತ್ತಿತ್ತು. ನೊರೆ ಕಾಣುತ್ತಿತ್ತು.

ಪ್ರತಿ ಬೆಳಿಗ್ಗೆ ಮಿಂದು, ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ ನೋಡುತ್ತಿದ್ದುದನ್ನು ಅವನು ಬಾಯಿಗಿಟ್ಟುಕೊಂಡ. ಹಲ್ಲಿಗೆ ಬೆಳ್ಳಿ ಕಚ್ಚಿತು. ಬಾಯಲ್ಲಿ ಉಪ್ಪು. ಎರಡೂ ಕೈಯಿಂದ ಹಗ್ಗ ಎಳೆದ.

ಹಾಯಿ ಎದ್ದಿತು. ಹೇಳಿಕೊಟ್ಟಂತೆ ಅದನ್ನು ಹಿಂದಕ್ಕೆ ಒರಗಿಸಿ, ಸಣ್ಣ ಹೆಜ್ಜೆಗಳಲ್ಲಿ ಕಂಬವನ್ನು ಸುತ್ತಿ ಬಂದ. ಹಲಗೆಯ ಮೂತಿ ದಡಕ್ಕೆ ತಿರುಗಿತು. ಉಸಿರೆಲ್ಲ ಮೂಗಿನಲ್ಲಿ.

ಮೊಣಕಾಲುದ್ದ ನೀರಿನಲ್ಲಿ ನಂದಕಿಶೋರ ಅವನ ಭುಜ ಹಿಡಿದು ಅಲುಗಿಸಿದ. "ಒದರಾಕ ಏನ್ ಧಾಡಿ ನಿನಗ? ಧರಣ್ಯಾಗೂ ಬಾಯಿ ತೆಗೀಲಿಲ್ಲ, ಸಾಯಾಕ ಹೋದಾಗೂ ತೆಗೀಲಿಲ್ಲ!"

ಸಂಗು ಅಂಗೈ ಒಡ್ಡಿ ಬಾಯಿ ತೆರೆದ. ಎಂಜಲಿನೊಂದಿಗೆ ಕರಡಿಗೆ ಬಿತ್ತು. ಬೈಯುತ್ತ ಓಡಿಬಂದ ಮಂದಾರ ಅದನ್ನು ಕಂಡು ಬೈಗುಳವನ್ನು ಅರ್ಧಕ್ಕೇ ಬಿಟ್ಟ.

ಗುಡಿಸಲಿನ ನೆರಳಲ್ಲಿ ಕೂತು ಅವನು ಮನೆಗೆ ಫೋನು ಮಾಡಿದ.

"ಅವ್ವಾ, ಲಿಂಗ ಬಾಯಾಗ ಇಟ್ಕೊಂಡೆ."

ಈರಮ್ಮ ಮೊದಲು ಕೇಳಿದ್ದು ಒಂದೇ.

"ಕಳಕೊಂಡಿಲ್ಲಲ?"

"ಇಲ್ಲ."

"ಲಿಂಗವಂತರಿಗಿ ಎಂಜಲದ ಸೂತಕ ಎಲ್ಲೈತೋ ಹುಚ್ಚಾ," ಎಂದಳು. "ದಾರ ಸಿಗೂತನ ಕೈ ಬಿಚ್ಚಬ್ಯಾಡ."

ಸಾಲ್ವಾದೋರ್ ಹತ್ತಿರ ಬಂದ. ಯಾರನ್ನೂ ಕೇಳದೆ ಹಾಯಿಯ ತೆಳುಹಗ್ಗದ ಒಂದು ತುಂಡು ಕೊಯ್ದು ಸಂಗುವಿಗೆ ಕೊಟ್ಟ. ಸಂಗು ಕರಡಿಗೆಯ ಎರಡೂ ಕಿವಿಗೆ ಪೋಣಿಸಿ, ತಲೆ ತಗ್ಗಿಸಿದ. ಅವನ ಹಿಂದೆ ನಿಂತು ಸಾಲ್ವಾದೋರ್ ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿದ.