ಬೆನ್ನ ಮೇಲಿನ ಅತ್ತೆ

ಮತ್ತೆ ಅದೇ ವಾಸನೆ, ತಲೆಗೆ ಬಳಿದುಕೊಂಡ ಕಪ್ಪು ಬಣ್ಣದ್ದು, ಬೆಳಿಗ್ಗೆಯೇ ಬಚ್ಚಲೆಲ್ಲ ಮಸಿ ಮಾಡಿಟ್ಟು ಬಂದಿದ್ದಾನೆ ನನ್ನ ಗಂಡ, ತೊಳೆಯಲಿಕ್ಕೆ ನಾನಿದ್ದೇನಲ್ಲ, ಈಗ ಪಕ್ಕದ ಕುರ್ಚಿಯಲ್ಲಿ ಮದುವೆ ಗಂಡಿನ ಹಾಗೆ ನೆಟ್ಟಗೆ ಕೂತಿದ್ದಾನೆ, ಕಿವಿಯ ಹಿಂದೆ ಬಣ್ಣ ಇಳಿಯುತ್ತಿರುವುದೂ ಗೊತ್ತಿಲ್ಲ — ಎದುರಿನ ಪರದೆಯ ಮೇಲೂ ಅವನೇ, ಗೋಡೆಯಷ್ಟು ದೊಡ್ಡ ಮುಖ, ಮೂಗಿನ ಹೊಳ್ಳೆಯ ಒಂದೊಂದು ಕೂದಲೂ ಕಡ್ಡಿಯಷ್ಟು ದಪ್ಪ, ಥೂ, ಇಷ್ಟು ವರ್ಷ ಇದರ ಪಕ್ಕದಲ್ಲಿ ಮಲಗಿದೆನೇ. ಹಾಲ್ ತುಂಬ ಒದ್ದೆ ಉಣ್ಣೆಯ ನಾತ, ಹಿಮ ತುಳಿದು ಬಂದ ಬೂಟುಗಳು ಹೀಟರಿನ ಬಿಸಿಗೆ ಬೇಯುತ್ತಿವೆ. ಬೆಟ್ಟದ ಜನರ ಬದುಕಿನ ಕಥೆಗಳಂತೆ, ಊರೂರು ಸುತ್ತಿ ಚಿತ್ರ ತೆಗೆಸಿದ್ದಾರೆ, ಕುರಿ ಕಾಯುವವನದು ಆಯಿತು, ಸೂಲಗಿತ್ತಿಯದು ಆಯಿತು, ಈಗ ಘಟ್ಟದ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಇವನದು. ಚಿತ್ರ ತೆಗೆಯುವ ಹುಡುಗಿ ಮನೆಗೆ ಬಂದ ದಿನ ನಾನು ಟೀ ಲೋಟ ಹಿಡಿದು ನಿಂತಿದ್ದೆ, ಆಂಟಿ, ಸ್ವಲ್ಪ ಆ ಕಡೆ ಹೋಗ್ತೀರಾ, ನೀವು ಮಧ್ಯೆ ಬರ್ತಿದೀರಾ, ಹೋದೆ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಹೋದೆ, ಅದಕ್ಕೇ ಇವನು ಏನು ಹೇಳಿದ ಅಂತ ಇವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಆ ಚಳಿಗಾಲ ರಸ್ತೆ ಮುಚ್ಚಿಹೋಗಿತ್ತು, ಅನ್ನುತ್ತಿದೆ ದೊಡ್ಡ ಮುಖ, ನಮ್ಮಮ್ಮ ಹೊಟ್ಟೆನೋವಲ್ಲಿ ಹೊರಳಾಡ್ತಿದ್ಲು, ನೋಡ್ಕೊಂಡು ಕೂರೋಕಾಗತ್ತಾ, ಬೆನ್ನಿಗೆ ಕಟ್ಕೊಂಡೆ, ಘಟ್ಟ ದಾಟಿದೆ — ಯಾರು, ನೀನಾ? ನೀನಾ ಘಟ್ಟ ದಾಟಿದ್ದು? ನೀನು ಘಟ್ಟದ ಆಚೆ ಇದ್ದೆಯಲ್ಲ, ಬಸ್ಸು ನಿಲ್ಲಿಸಿ ಡಿಪೋದ ಒಲೆಯ ಮುಂದೆ ಕಾಲು ಚಾಚಿ ಇಸ್ಪೀಟು ಆಡುತ್ತ. ಅತ್ತೆಯನ್ನು ಹಾಸಿಗೆ ಕಟ್ಟುವ ಹಗ್ಗದಿಂದ ಬೆನ್ನಿಗೆ ಬಿಗಿದುಕೊಂಡವಳು ನಾನು, ಅದಕ್ಕೂ ಮೊದಲು ಬಾಗಿಲು ಬಾಗಿಲು ಬಡಿದೆ, ಹಿಮ ನಿಲ್ಲಲಿ ನೋಡೋಣಮ್ಮ ಅಂದರು ಗಂಡಸರು, ಅವರಲ್ಲಿ ಇಬ್ಬರು ಇಲ್ಲೇ ಮುಂದಿನ ಸಾಲಿನಲ್ಲಿ ಮೂಗೊರೆಸಿಕೊಳ್ಳುತ್ತ ಕೂತಿದ್ದಾರೆ, ಅಯ್ಯೋ ಪಾಪ, ಎಂಥ ಮಗ. ಮೊಣಕಾಲುದ್ದ ಹಿಮ, ಅತ್ತೆ ದಾರಿಯುದ್ದಕ್ಕೂ ಬೈದಳು, ಏ ದರಿದ್ರದೋಳೆ ಅಲ್ಲಾಡಿಸ್ಬೇಡ, ಏ ಕತ್ತೆ, ನನ್ನ ಸಾಯ್ಸೋಕೆ ತಂದೆಯಾ, ಬೈಯಲಿ, ಬೈದರೆ ಬದುಕಿದ್ದಾಳೆ ಅಂತ ಅರ್ಥ, ಬೈಗಳು ನಿಂತಾಗಲೇ ನನಗೆ ಹೆದರಿಕೆ, ಅತ್ತೇ, ಬೈಯಿರಿ ಅತ್ತೇ, ಅನ್ನುತ್ತ ಹತ್ತಿದೆ. ಘಟ್ಟದ ನೆತ್ತಿಯ ಹತ್ತಿರ ನನ್ನ ಬೆನ್ನ ಮೇಲೆ ಬೆಚ್ಚಗೆ ಇಳಿಯಿತು, ಉಚ್ಚೆ, ಸೊಂಟದವರೆಗೆ, ಆಮೇಲೆ ಗಾಳಿಗೆ ಅದೇ ಗಡ್ಡೆಕಟ್ಟಿ ರವಿಕೆ ಚರ್ಮಕ್ಕೆ ಅಂಟಿ — ಇದನ್ನು ನಾನು ಒಬ್ಬನಿಗೆ ಹೇಳಿದ್ದೆ, ಇವನಿಗೆ, ಎಂದೋ ಒಂದು ದಿನ ಇವನು ನನ್ನ ಜೊತೆ ನೆಟ್ಟಗೆ ಮಾತಾಡಿದ್ದಾಗ, ಬಾಯಿಬಿಟ್ಟು ಹೇಳಿಕೊಂಡೆ ದಡ್ಡಿ ನಾನು, ಹೌದಾ ಅಂದಿದ್ದ, ಆ ಕಡೆ ಹೊರಳಿದ್ದ. ಮತ್ತೆ ಈಗ ಪರದೆಯ ಮುಖ ಗಂಟಲು ಕಟ್ಟಿಸಿಕೊಳ್ಳುತ್ತದೆ, ನಮ್ಮಮ್ಮ ನನ್ನ ಬೆನ್ನ ಮೇಲೇ ಉಚ್ಚೆ ಹೊಯ್ಕೊಂಡ್ಲು, ನಿಜ ಹೇಳ್ತೀನಿ, ನನಗದು ಪನ್ನೀರು ಅನ್ನಿಸ್ತು.

ಪನ್ನೀರು. ಹಾಲ್ ಪೂರ್ತಿ ಲೊಚಗುಟ್ಟಿತು, ಹಿಂದೆ ಕೂತ ಟೈಲರಮ್ಮ ಬಿಕ್ಕಿದಳು. ಪನ್ನೀರಂತೆ, ಗಬ್ಬುನಾತ ಕಣೋ ಅದು, ಆಸ್ಪತ್ರೆಯ ಆಯಾ ಮೂಗು ಮುಚ್ಚಿಕೊಂಡು ನನ್ನನ್ನು ಹೊರಗೆ ನಿಲ್ಲಿಸಿದ್ದಳು, ಅಲ್ಲಿಂದ ನಿನಗೆ ಹೇಳಿಕಳಿಸಿದೆ, ಆಪರೇಷನ್ ಆಗ್ತಿದೆ ಬಾ ಅಂತ, ರಸ್ತೆ ತೆರೀಲಿ ಬರ್ತೀನಿ ಅಂದೆಯಂತೆ, ಡಿಪೋಗೂ ಆಸ್ಪತ್ರೆಗೂ ನಡುವೆ ಒಂದು ತರಕಾರಿ ಅಂಗಡಿ ಬಿಟ್ಟರೆ ಇನ್ನೇನಿತ್ತು, ಯಾವ ರಸ್ತೆ ಮುಚ್ಚಿತ್ತು ಅಲ್ಲಿ? ಅದೇ ಆಸ್ಪತ್ರೆಯ ಕಕ್ಕಸಿನಲ್ಲಿ ನನ್ನ ಹೊಟ್ಟೆಯಲ್ಲಿ ಆಗಷ್ಟೇ ನಿಂತದ್ದೂ ಹೋಯಿತು, ಬಕೆಟ್ಟಿನಲ್ಲಿ ನೀರು ಸುರಿದೆ, ಇನ್ನೊಂದು ಬಕೆಟ್ ಸುರಿದೆ, ವಾರ್ಡಿಗೆ ಬಂದು ಅತ್ತೆಗೆ ಹೇಳಿದೆ, ಇನ್ನೊಂದಾಗತ್ತೆ ಬಿಡು, ಈಗ ದಿಂಬು ಸರಿ ಮಾಡು ಅಂದಳು, ಇನ್ನೊಂದು ಆಗಲಿಲ್ಲ. ದೀಪ ಹಾಕಿದರು, ಚಪ್ಪಾಳೆ, ಇವನು ಎದ್ದು ಕೈಮುಗಿಯುತ್ತಾನೆ, ಹಲ್ಲು ಕಿರಿಯುತ್ತಾನೆ, ನನ್ನ ಕಡೆ ಮಾತ್ರ ನೋಡುವುದಿಲ್ಲ. ಹುಡುಗಿ ಮೈಕ್ ಹಿಡಿದು ಸಾಲಿನ ತುದಿಯಲ್ಲಿದ್ದ ಅತ್ತೆಯ ಗಾಲಿಕುರ್ಚಿಯ ಹತ್ತಿರ ಓಡಿದಳು, ಅಜ್ಜಿ, ಮಗನ ಬಗ್ಗೆ ಎರಡು ಮಾತು. ಅತ್ತೆ ಮೈಕ್ ನೋಡಿದಳು, ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಬಾಯಿ ಅಗಿಯುತ್ತ, ಹೇಳುತ್ತಾಳೆ, ಈಗ ಹೇಳುತ್ತಾಳೆ, ನನ್ನ ಆಸೆಯೇ ನನಗೆ ಅಸಹ್ಯವಾಯಿತು — ನನ್ನ ಮಗ ಅಪ್ಪಟ ಚಿನ್ನ, ಅವನ ಬೆನ್ನು ಇಲ್ದಿದ್ರೆ ನಾನೆಲ್ಲಿರ್ತಿದ್ದೆ. ಮೂಳೆಗೆ ಮಾಂಸ ಅಂಟಿದ ಹಾಗೆ ಸುಳ್ಳು ಅಂಟಿಕೊಂಡಿತು, ಇನ್ನು ಯಾರೂ ಬಿಡಿಸಲಾರರು.

ಬೆಳಿಗ್ಗೆ ನನ್ನ ಕೈ ಹಿಡಿದು ಬಚ್ಚಲಿಗೆ ಹೋಗುವವಳು, ನಾನು ತೊಳೆದ ಮೈ, ನಾನು ಹಾಕಿದ ಕಾಲುಚೀಲ. ಸಭೆಯ ಅಧ್ಯಕ್ಷರು ಕೈ ತಟ್ಟಿದರು, ಒಂದು ಫೋಟೋ ಆಗ್ಲಿ ಡ್ರೈವರ್ ಸಾಹೇಬ್ರೇ, ಅಮ್ಮನ್ನ ಅವತ್ತಿನ ಹಾಗೇ ಹೊತ್ಕೊಳ್ಳಿ, ಹೂಂ ಹೂಂ ಎಂದಿತು ಹಾಲ್, ಇವನ ಮುಖ ಒಂದು ಗಳಿಗೆ ಇಂಗು ತಿಂದ ಮಂಗನಂತಾಯಿತು, ಆದರೂ ಕೂತ, ಬೆನ್ನು ಕೊಟ್ಟ, ಹೊರುವವರು ಹಾಗೆ ಕೂರುವುದಿಲ್ಲ, ಇಬ್ಬರು ಸೇರಿ ಅತ್ತೆಯನ್ನು ಮೂಟೆಯ ಹಾಗೆ ಹೇರಿದರು, ಇವನು ಎದ್ದ, ಒಂದು ಕಾಲು ಹಿಡಿದಿದ್ದಾನೆ, ಇನ್ನೊಂದು ಜಾರಿ ಜೋತಾಡುತ್ತಿದೆ. ಫ್ಲ್ಯಾಶು, ಇನ್ನೊಂದು ಫ್ಲ್ಯಾಶು, ಸಾಕು ಬಿಡೋ, ಬೀಳ್ತೀನಿ ಅಂದಳು ಅತ್ತೆ, ಇವನಿಗೆ ಬಗ್ಗಲೂ ಆಗದು ನಿಲ್ಲಲೂ ಆಗದು, ಸೊಂಟ ಹಿಡಿದಿದೆ, ಕೆನ್ನೆಯ ಮೇಲೆ ಕಪ್ಪು ನೀರು, ಏ ಇವಳೇ, ನೋಡ್ತಾ ಕೂತಿದೀಯಲ್ಲ, ಬಾ, ಹಿಡ್ಕೋ. ಬಾರೇ, ಎಂದಳು ಅತ್ತೆಯೂ, ಬಾರೇ ಬೇಗ. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮೊಣಕಾಲು ತಾವಾಗಿಯೇ ಏಳಹೊರಟವು, ಹಾಳಾದವು, ಎರಡೂ ಕೈಯಿಂದ ಅದುಮಿ ಹಿಡಿದೆ. ಘಟ್ಟ ದಾಟಿಸಿದೋರಿಗೆ ನೆಲಕ್ಕೆ ಇಳಿಸೋಕೆ ಬರಲ್ವಾ ರೀ, ಅಂದೆ, ನಾನೇ ಅಂದದ್ದು, ಇಷ್ಟು ದೊಡ್ಡದಾಗಿ ಅಂದೆನೇ, ಮುಂದಿನ ಸಾಲಿನ ಇಬ್ಬರು ತಲೆ ಬಗ್ಗಿಸಿದರು. ಅತ್ತೆ ಬೈಯುತ್ತಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದಾಳೆ, ಯಾರೂ ಮುಂದೆ ಬರುತ್ತಿಲ್ಲ, ಆ ಜೋತ ಕಾಲು, ಕಾಲುಚೀಲ ಅರ್ಧ ಜಾರಿ ಬಿಳಿಚಿದ ಹಿಮ್ಮಡಿ ಕಾಣುತ್ತಿದೆ, ಹೆಬ್ಬೆರಳು ಚಾಚಿ ಚಾಚಿ ನೆಲ ಹುಡುಕುತ್ತಿದೆ, ಎಟುಕುತ್ತಿಲ್ಲ, ನಾನು ಏಳುವುದಿಲ್ಲ, ಆ ಹೆಬ್ಬೆರಳು, ನೆಲ ಇನ್ನೇನು ಗೇಣಷ್ಟೇ, ಏಳುವುದಿಲ್ಲ, ಹೆಬ್ಬೆರಳು ಚಾಚುತ್ತಿದೆ, ಆ ಹೆಬ್ಬೆರಳು