ಕುರುಗೋಡಿನ ಮುಂದೆ ಸೊನ್ನೆ

ಕಾಲರಾ ಮೈಯೊಳಗೆ ಹೊಕ್ಕ ಮೇಲೆ ಹೊರಬೀಳುವುದಕ್ಕೆ ಹೆಚ್ಚೆಂದರೆ ಐದು ದಿನ. ಬಳ್ಳಾರಿಯಲ್ಲಿ ನರ್ಸ್ ತರಬೇತಿಗೆ ಕೂತಿದ್ದಾಗ ಗುರುಬಸಮ್ಮ ಇದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು. ಭೇದಿ ಹತ್ತಿದ ದಿನಕ್ಕೆ ಚನ್ನವೀರಮ್ಮ ಗಂಡನ ಮನೆಯಿಂದ ಬಾಣಂತನಕ್ಕೆಂದು ಕುರುಗೋಡಿನ ತವರಿಗೆ ಬಂದು ಹದಿನೆಂಟು ದಿನವಾಗಿತ್ತು. ಹದಿನೆಂಟನ್ನೂ ಐದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ತರಬೇತಿಯೇನೂ ಬೇಕಿರಲಿಲ್ಲ. ಗುರುಬಸಮ್ಮ ನೋಡಲಿಲ್ಲ, ಅಷ್ಟೆ.

ಅದು ಅರವತ್ತೈದನೇ ಇಸವಿ. ಮುಂಗಾರು ಇನ್ನೇನು ಬರಬೇಕು ಅನ್ನುವ ಹೊತ್ತು. ಸಿರುಗುಪ್ಪದ ಕಡೆ ಕಾಲುವೆ ಬದಿಯ ಊರುಗಳಲ್ಲಿ ವಾಂತಿಭೇದಿ ಹಬ್ಬಿತ್ತು. ಸಮುದ್ರದಾಚೆಯಿಂದ ದೇಶ ದೇಶ ದಾಟಿಕೊಂಡು ಬಂದ ಹೊಸ ಬಗೆಯ ಕಾಲರಾ ಇದು ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಗುರುಬಸಮ್ಮ ಕುರುಗೋಡಿನ ನರ್ಸಮ್ಮ. ದಿನಾ ಮನೆಮನೆ ತಿರುಗಿ ಯಾರಿಗೆ ಭೇದಿ, ಯಾರಿಗೆ ವಾಂತಿ ಎಂದು ಕೇಳಿ ಬರೆದುಕೊಳ್ಳಬೇಕು. ಶನಿವಾರ ಪಟ್ಟಿ ಮಾಡಿ, ಸೋಮವಾರ ಬಳ್ಳಾರಿಯ ಆಫೀಸಿಗೆ ಒಯ್ದು ಕೊಡಬೇಕು. ಕೇಸು ಬಿದ್ದ ಮನೆಯ ಬಾಗಿಲಿಗೆ ಚೀಟಿ ಹಚ್ಚಬೇಕು, ರೋಗಿಯನ್ನು ಬಳ್ಳಾರಿಯ ಹೊರಗೆ ಕಟ್ಟಿದ ತಗಡಿನ ಶೆಡ್ಡಿಗೆ ಸಾಗಿಸಬೇಕು, ಓಣಿಯ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಬೇಕು. ಪುಡಿ ಸಾಲುತ್ತಿರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಯಾವ ಊರಿನ ಮುಂದೆ ಅಂಕಿ ಇದೆಯೋ ಆ ಊರಿಗೆ ಮಾತ್ರ ಜೀಪು ಹೋಗುತ್ತಿತ್ತು.

ಚನ್ನವೀರಮ್ಮನಿಗೆ ಭೇದಿ ಹತ್ತಿದ್ದು ಗುರುವಾರ ಬೆಳಿಗ್ಗೆ. ಗುರುಬಸಮ್ಮನಿಗೆ ಯಾರೂ ಬಂದು ಹೇಳಬೇಕಾಗಿರಲಿಲ್ಲ. ಚನ್ನವೀರಮ್ಮನ ತವರುಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲೇ ಅವಳ ವಾಸ. ಗಂಡ ಮೋಕಾ ಊರಿನಲ್ಲಿ ಇನ್ನೊಬ್ಬಳನ್ನು ತಂದಿಟ್ಟುಕೊಂಡ ಮೇಲೆ ಅವಳು ಓದಿ, ನೌಕರಿ ಹಿಡಿದು ಕುರುಗೋಡಿಗೆ ಬಂದಾಗ, ಒಂಟಿ ಹೆಂಗಸಿಗೆ ಮನೆ ಕೊಡಲು ಊರಲ್ಲಿ ಯಾರೂ ಒಪ್ಪಿರಲಿಲ್ಲ. ಚನ್ನವೀರಮ್ಮನ ತಾಯಿ ದಾಕ್ಷಾಯಣಮ್ಮ ಮಾತ್ರ, "ನಮ್ಮ ಮನ್ಯಾಗ ಇರ್ಲಿ ಬಿಡು, ಆಕಿ ಏನ್ ಯಾರನ್ನರ ಕಚ್ಚತಾಳೇನು?" ಎಂದು ಕೋಣೆಯ ಬೀಗದ ಕೈ ಕೊಟ್ಟಿದ್ದಳು. ಆರು ವರ್ಷದಿಂದ ಇಬ್ಬರೂ ಒಂದೇ ಒಲೆಯ ರೊಟ್ಟಿ ಉಂಡಿದ್ದರು.

ಏಳು ತಿಂಗಳ ಬಸುರಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದು ಮಲಗಿದ್ದಳು. ಭೇದಿ ಅಕ್ಕಿ ತೊಳೆದ ನೀರಿನ ಹಾಗಿತ್ತು. ಗುರುಬಸಮ್ಮ ಉಪ್ಪು ಹಾಕಿದ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಕೋಣೆಗೆ ಹೋಗಿ ರಿಜಿಸ್ಟರು ತಂದಳು. ದಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅದನ್ಯಾಕ ತಂದಿ?"

"ಬರೀಬೇಕಲ್ರಿ ದೊಡ್ಡವ್ವಾ."

"ಬರಿ, ಬ್ಯಾಡಂದವರ್ಯಾರು? ಆದ್ರ ಕುರುಗೋಡು ಅಂತ ಯಾಕ ಬರೀತಿ? ಕೊಟ್ಟ ಹೆಣ್ಣು ಆಕಿ. ಆಕಿ ಊರು ದೇಶನೂರು. ರೇಷನ್ ಕಾರ್ಡ್ನ್ಯಾಗ ಆಕಿ ಹೆಸರು ಎಲ್ಲೈತಿ? ಅಲ್ಲೈತಿ."

"ಆಕಿ ಬಂದು ಬಾಳ ದಿನ ಆತಲ್ರಿ..."

"ಆಗ್ಲಿ. ಎಷ್ಟ್ ದಿನ ಇದ್ರೂ ತವರಿಗಿ ಬಂದಾಕಿ ತವರಿಗಿ ಬಂದಾಕಿನ. ಇಲ್ಲೇ ಹತ್ತಿತು ಅಂತ ಚೀಟಿ ಹಚ್ಚಿದ್ರ ಆಕಿ ಅತ್ತಿ ಏನಂತಾಳ ಗೊತ್ತೇನು? 'ನಾ ಗಟ್ಟಿ ಇದ್ದಾಕಿನ ಕಳಿಸಿದ್ದೆ, ಇವರು ಬ್ಯಾನಿ ಹಚ್ಚಿ ಕಳಿಸಿದ್ರು' ಅಂತಾಳ. ಆ ತಗಡಿನ ಶೆಡ್ಡಿಗಿ ಬಸುರಿನ ಒಯ್ದ್ರ ಎಲ್ಡೂ ಜೀವ ಉಳೀತಾವೇನು? ನೀ ಹೆಣ್ಣಲ್ಲೇನು ಗುರುಬಸವ್ವಾ?"

ಕೊನೆಯ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಶೆಡ್ಡನ್ನು ಅವಳೂ ಕಂಡಿದ್ದಳು. ಇಡೀ ಶೆಡ್ಡಿಗೆ ಸಲೈನ್ ಬಾಟ್ಲಿ ಮೂರು. ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಗಂಡನ ಹೆಸರು, ಊರು ಎಂದು ನಾಲ್ಕು ಕಾಲಂ ಇದ್ದವು. ಮದುವೆಯಾದ ಹೆಣ್ಣಿನ ಊರು ಎಂದರೆ ಗಂಡನ ಊರೇ ಎಂದು ಅವಳು ಆರು ವರ್ಷದಿಂದ ಬರೆದುಕೊಂಡೇ ಬಂದಿದ್ದಳು. ಆ ಗುರುವಾರ ಅವಳು ಬರೆದದ್ದು ಹೊಸದೇನಲ್ಲ. ದೇಶನೂರು ಎಂದು ಬರೆದಳು. ಬರೆದು ಮುಗಿಸಿದ ಮೇಲೆ ದಾಕ್ಷಾಯಣಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಆ ಕೈಯ ಭಾರ ಎಷ್ಟೋ ವರ್ಷ ಅವಳ ನೆತ್ತಿಯಿಂದ ಇಳಿಯಲಿಲ್ಲ.

"ಆಕಿ ಬಟ್ಟಿ ಬಾವಿ ಕಡಿಗೆ ಒಯ್ಯಬ್ಯಾಡ್ರಿ. ನೀರು ಕುದಿಸಿ ಹಿತ್ತಲದಾಗ ಒಗೀರಿ" ಎಂದಷ್ಟೇ ಗುರುಬಸಮ್ಮ ಹೇಳಿದಳು.

ದಾಕ್ಷಾಯಣಮ್ಮ ಹಾಗೇ ಮಾಡಿದಳು. ಆದರೆ ಹಿತ್ತಲ ಬಚ್ಚಲಿನ ನೀರು ಹರಿದು ಹೋಗುತ್ತಿದ್ದದ್ದು ಬಾವಿಯ ಬದಿಗೇ.

ಕೇರಿಯ ಬಾವಿಯ ನೀರು ಸವಳು. ಅದಕ್ಕೇ ಅಲ್ಲಿಯ ಹೆಂಗಸರು ಬೆಳಿಗ್ಗೆ ಕೊಡ ತಂದು ಈ ಓಣಿಯ ಬಾವಿಕಟ್ಟೆಯ ಕೆಳಗೆ ನಿಲ್ಲುತ್ತಿದ್ದರು. ಹಗ್ಗ ಮುಟ್ಟುವಂತಿರಲಿಲ್ಲ. ಮೇಲಿನವರು ಯಾರಾದರೂ ಸೇದಿ ಸುರಿದರೆ ನೀರು, ಇಲ್ಲದಿದ್ದರೆ ಬಿಸಿಲೇರುವ ತನಕ ಕಾಯುವುದು. ಹಂಪಕ್ಕ ಮಾತ್ರ ಗುರುಬಸಮ್ಮ ಬರುವ ಹೊತ್ತು ನೋಡಿಕೊಂಡೇ ಬರುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಹತ್ತಿ ಬಿಡಿಸುವುದರಲ್ಲಿ ಅವಳ ಕೈಗೆ ಸಮ ಇರಲಿಲ್ಲ, ಬಾಯಿಗೂ ಇರಲಿಲ್ಲ.

"ಸೂಜಿ ಹಾಕಿಸ್ಕೋ ಅಂದ್ರ ಓಡಿ ಹೋಗ್ತಿ, ನೀರಿಗಿ ಮಾತ್ರ ನಾ ಬೇಕು" ಎಂದು ಗುರುಬಸಮ್ಮ ಬೈದರೆ, "ನಿಮ್ಮ ಸೂಜಿಗಿ ಎಲ್ಡು ದಿನ ಜರ ಬರ್ತದ್ರಿ. ಎಲ್ಡು ದಿನ ನನ್ನ ಬದ್ಲಿ ನೀವು ಹೊಲಕ್ಕ ಹೋಗ್ರಿ, ಸೂಜಿ ಏನು, ದಬ್ಬಳ ಚುಚ್ಚಿದ್ರೂ ಚುಚ್ಚಿಸ್ಕೊಂತೀನಿ" ಎನ್ನುವಳು.

ಶನಿವಾರ ಬೆಳಿಗ್ಗೆ ಕೊಡ ತುಂಬುತ್ತಿದ್ದಾಗ ಹಂಪಕ್ಕ ದನಿ ತಗ್ಗಿಸಿದಳು.

"ನರ್ಸಮ್ಮಾ, ನಿಮ್ಮ ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ? ಹಿತ್ತಲದಾಗ ದಿನಾ ಹಾಸಿಗಿ ಬಟ್ಟಿ ಒಣಗ್ತಾವು."

ಗುರುಬಸಮ್ಮನ ಕೈಯಲ್ಲಿ ತುಂಬಿದ ಬಿಂದಿಗೆ ಇತ್ತು.

"ಬಸುರಿ ಹೆಣ್ಣಲ್ಲೇನು, ವಾಂತಿ ಮಾಡ್ಕೊಂತಾಳ."

"ಅಯ್ಯ, ಏಳ್ನೇ ತಿಂಗಳದಾಗೂ ವಾಂತಿನ? ಹಂಗಾರ ಗಂಡು ಅಂತ ಹೇಳ್ರಿ ದಾಕ್ಷಾಯಣಮ್ಮಾರಿಗಿ, ಖುಷಿ ಆಗ್ತಾರ" ಎಂದು ಹಂಪಕ್ಕ ನಕ್ಕಳು.

ಗುರುಬಸಮ್ಮನೂ ನಕ್ಕಳು. ನಕ್ಕು ಕೊಡಕ್ಕೆ ನೀರು ಸುರಿದಳು. ಮನೆಗೆ ಬಂದು ತಾನು ಕುಡಿಯುವ ನೀರನ್ನು ಮಾತ್ರ ಕಾಲು ಗಂಟೆ ಕುದಿಸಿದಳು. 'ಕುದಿಸಿ ಕುಡಿ' ಎಂದು ಹಂಪಕ್ಕನಿಗೆ ಒಂದು ಮಾತು ಅನ್ನಬಹುದಿತ್ತು. ಅಂದಿದ್ದರೆ 'ಯಾಕ್ರಿ' ಎಂದು ಆ ಬಾಯಿ ಕೇಳದೆ ಬಿಡುತ್ತಿರಲಿಲ್ಲ.

ಸೋಮವಾರ ಬಳ್ಳಾರಿ. ಆಫೀಸಿನ ಗೋಡೆಗೆ ತಾಲೂಕುಗಳ ನಕ್ಷೆ ಬಡಿದು, ಕೇಸು ಬಿದ್ದ ಊರಿಗೆಲ್ಲ ಕೆಂಪು ತಲೆಯ ಗುಂಡುಸೂಜಿ ಚುಚ್ಚಿದ್ದರು. ಹೆಲ್ತ್ ಇನ್ಸ್‌ಪೆಕ್ಟರ್ ವಿರೂಪಾಕ್ಷಪ್ಪ ಅವಳ ಪಟ್ಟಿ ಓದುತ್ತಾ ಸೂಜಿ ಚುಚ್ಚಿದರು. ಸಿರುಗುಪ್ಪಕ್ಕೆ ಆಗಲೇ ಹನ್ನೊಂದಿದ್ದವು, ತೆಕ್ಕಲಕೋಟೆಗೆ ನಾಲ್ಕು. ದೇಶನೂರು ಅಲ್ಲಿಯತನಕ ಖಾಲಿ ಇತ್ತು. ಅಲ್ಲಿ ಒಂದು ಚುಚ್ಚಿದರು.

"ದೇಶನೂರಿಗೂ ಹೊಕ್ತು ನೋಡ್ರಿ. ನಾಳೆನ ಎಲ್ಡು ಡ್ರಮ್ ಕಳಿಸ್ತೀನಿ. ಮತ್ತ ನಿಮ್ಮ ಕುರುಗೋಡು? ಸೊನ್ನಿ! ಕಾಲರಾಕ್ಕೂ ಗುರುಬಸಮ್ಮನ್ನ ಕಂಡ್ರ ಅಂಜಿಕಿ ಅಂತ ಕಾಣ್ತದ" ಎಂದು ನಕ್ಕರು. ಉಳಿದವರೂ ನಕ್ಕರು.

ನಕ್ಷೆಯ ಮೇಲೆ ಕುರುಗೋಡು ಬರಿದಾಗಿತ್ತು. ಅವಳು ಬಾಯಿ ತೆರೆದದ್ದು ನಿಜ. "ಸರ್, ಆ ಹೆಣ್ಣುಮಗಳು..." ಅನ್ನುವಷ್ಟರಲ್ಲಿ ವಿರೂಪಾಕ್ಷಪ್ಪ ತಲೆಯೆತ್ತಿ "ಹೂಂ?" ಎಂದರು. ಆರು ವರ್ಷದಲ್ಲಿ ಆ ಆಫೀಸಿನಲ್ಲಿ ಅವಳಿಗೆ ಹೊಗಳಿಕೆ ಸಿಕ್ಕಿದ್ದು ಅದೇ ಮೊದಲು. ಸಂಜೆ ಹಿಂದಿರುಗಬೇಕಾದದ್ದು ದಾಕ್ಷಾಯಣಮ್ಮನ ಮನೆಗೇ. "ಏನಿಲ್ರಿ" ಎಂದು ಕೂತಳು.

ಅಂಗಳದಲ್ಲಿ ಜೀಪಿಗೆ ಡ್ರಮ್ಮು ಏರಿಸುತ್ತಿದ್ದರು. ಪುಡಿಯ ಘಾಟು ಮೂಗಿಗೆ ಬಡಿಯಿತು. ಅದರ ಪಕ್ಕದಲ್ಲೇ ಹಾದು ಅವಳು ಬಸ್‌ಸ್ಟ್ಯಾಂಡಿಗೆ ನಡೆದಳು.

ಮಂಗಳವಾರ ಹಂಪಕ್ಕ ಬಾವಿಗೆ ಬರಲಿಲ್ಲ. ಅವಳ ಮಗಳು ದುರುಗಮ್ಮ ಓಡುತ್ತಾ ಬಂದಳು. "ಅವ್ವಗ ಬೆಳಕು ಹರಿಯೋದ್ರಾಗ ಹದಿನೈದು ಸಲ ಆಗೈತ್ರಿ, ಕಾಲು ಸೆಳೀತಾವಂತಾಳ್ರಿ." ಗುರುಬಸಮ್ಮ ಹೋಗಿ ನೋಡಿದಾಗ ಹಂಪಕ್ಕನ ಬೆರಳುಗಳು ಬಹಳ ಹೊತ್ತು ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿದ್ದವು. ದನಿ ಬತ್ತಿ ಹೋಗಿತ್ತು. ಗಾಡಿ ಕಟ್ಟಿಸಿದರು. ಬಳ್ಳಾರಿ ಇನ್ನೂ ಐದು ಮೈಲಿ ಇರುವಾಗ ಹಂಪಕ್ಕ ನೀರು ಕೇಳಿದಳು. ಗುರುಬಸಮ್ಮ ತನ್ನ ಬಾಟ್ಲಿಯ ಕುದಿಸಿದ ನೀರು ಬಾಯಿಗೆ ಹಾಕಿದಳು. ಅದು ಒಳಗೆ ಹೋಗಲಿಲ್ಲ, ಗಲ್ಲದ ಮೇಲೆ ಹರಿಯಿತು.

ಅವಳನ್ನು ಗಾಡಿಯಲ್ಲೇ ಹಿಂದಕ್ಕೆ ತಂದರು.

ಗುರುಬಸಮ್ಮ ಮಾರನೆಯ ದಿನ ಮೊದಲ ಬಸ್ಸಿಗೇ ಬಳ್ಳಾರಿಗೆ ಹೋದಳು. ಚನ್ನವೀರಮ್ಮನ ವಿಷಯ ಒಂದೂ ಬಿಡದೆ ಹೇಳಿದಳು. ವಿರೂಪಾಕ್ಷಪ್ಪ ಮೇಜಿನ ಮೇಲಿನ ಪೆನ್ಸಿಲ್ಲನ್ನು ಆಚೆಗೆ ಉರುಳಿಸಿದರು.

"ದೇಶನೂರಿನ ಬಾವಿಗಿ ಪುಡಿ ಹಾಕಿ ಬಂದ್ರು ನಮ್ಮವರು. ಅಲ್ಲಿ ಒಬ್ಬರಿಗೂ ಏನೂ ಇಲ್ಲ ಅಂದ್ರು. ನನಗ ಅವಾಗ ಸಂಶೇ ಬಂತು. ಪಟ್ಟಿ ಬೆಂಗಳೂರಿಗಿ ಹೋಗೈತ್ರಿ. ಈಗ ತಿದ್ದಿದ್ರ ನಿಮ್ಮ ನೌಕರಿನೂ ಹೋಗ್ತದ, ನಂದೂ ಹೋಗ್ತದ. ಸತ್ತಾಕಿ ಬರಂಗಿಲ್ಲ. ಇವತ್ತ ಪುಡಿ ಕೊಡ್ತೀನಿ, ಒಯ್ರಿ. ಕುರುಗೋಡಿಗಿ ಒಂದು ಅಂತ ಬರಕೊಂತೀನಿ. ಮೊದಲ್ನೇ ಕೇಸು, ಹಂಪಕ್ಕ."

ಮೊದಲನೇ ಕೇಸು ಹಂಪಕ್ಕ. ಬಾಗಿಲಿಗೆ ಚೀಟಿ ಹಚ್ಚಿದ್ದು ಹಂಪಕ್ಕನ ಗುಡಿಸಲಿಗೆ. ಆ ವಾರ ಓಣಿಯಲ್ಲಿ ಮೂವರು ಮಲಗಿದರು. ಸದ್ಯ, ಮೂವರೂ ಉಳಿದರು. ಆದರೆ ಬಾವಿಕಟ್ಟೆಯ ಮೇಲೆ ಮಾತು ಹುಟ್ಟಿತು: ಕೇರಿಯಾಕೆ ಕೊಡ ತಂದು ತಂದೇ ಬಾವಿ ಕೆಡಿಸಿದಳು. ಆ ಮಾತು ಆಡಿದವರಲ್ಲಿ ದಾಕ್ಷಾಯಣಮ್ಮನ ದನಿ ಎಲ್ಲರಿಗಿಂತ ಸಣ್ಣದಾಗಿತ್ತು. ಇಲ್ಲವೆಂದು ಮಾತ್ರ ಅವಳೂ ಅನ್ನಲಿಲ್ಲ. ಕೇರಿಯವರಿಗೆ ನೀರು ಸುರಿಯುವುದು ನಿಂತಿತು. ಗುರುಬಸಮ್ಮ ಸುರಿಯಲು ಹೋದರೆ ಹೆಂಗಸರು ಹಗ್ಗ ಹಿಡಿದು, "ನೀವ ನರ್ಸಮ್ಮ ಆಗಿ ಹಿಂಗ ಮಾಡಿದ್ರ ಹೆಂಗ್ರಿ? ನಿಮ್ಮ ಪುಸ್ತಕದಾಗನ ಬರದೈತಂತಲ್ಲ, ಆಕಿಂದನ ಮೊದಲು ಅಂತ" ಎನ್ನುತ್ತಿದ್ದರು.

ಪುಸ್ತಕದಲ್ಲಿ ಹಾಗೇ ಬರೆದಿತ್ತು. ಬರೆದದ್ದು ಅವಳೇ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಕೇರಿಗೆ ಹೋಗಿ ದುರುಗಮ್ಮನ ಮುಂದೆ ಕೂತಳು. ದುರುಗಮ್ಮ ಸವಳು ನೀರಿನ ಕೊಡ ಇಳಿಸುತ್ತಿದ್ದಳು.

"ನಿಮ್ಮವ್ವನಿಂದ ಬಂದಿದ್ದಲ್ಲ ಅದು. ನಮ್ಮ ಮನ್ಯಾಗ ಚನ್ನಿಗಿ ಮೊದಲ ಆಗಿತ್ತು. ನಾನ ಮುಚ್ಚಿಟ್ಟೆ."

ದುರುಗಮ್ಮ ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಾ ಅವಳತ್ತ ನೋಡದೆಯೇ ಹೇಳಿದಳು: "ಗೊತ್ತೈತ್ರಿ. ಹಾಸಿಗಿ ಬಟ್ಟಿ ಮಾತು ಅವ್ವ ಮನಿಗಿ ಬಂದು ಹೇಳಿದ್ಲು. 'ನರ್ಸಮ್ಮ ಸುಳ್ಳ ಹೇಳಂಗಿಲ್ಲ, ಬಸುರಿ ವಾಂತಿ ಇರಬೇಕು' ಅಂದಿದ್ಲು."

ಗುರುಬಸಮ್ಮ ಎದ್ದು ನಿಂತಳು.

"ನನಗ ಹೇಳಿ ಏನ್ ಮಾಡ್ತೀರಿ?" ಎಂದಳು ದುರುಗಮ್ಮ. "ಬಾವಿಕಟ್ಟಿ ಮ್ಯಾಲೆ ನಿಂತು ಹೇಳ್ರಿ. ಅಲ್ಲಿ ನಮ್ಮ ಮಾತು ಯಾರು ಕೇಳ್ತಾರ?"

"ಹೇಳ್ತೀನಿ" ಎಂದು ಬಂದಳು. ಹೇಳಬೇಕೆಂದೇ ಬಂದಿದ್ದಳು. ಅಷ್ಟರಲ್ಲಿ, ಭೇದಿಯಿಂದ ಚೇತರಿಸಿಕೊಂಡಿದ್ದ ಚನ್ನವೀರಮ್ಮನಿಗೆ ನೋವು ಕಾಣಿಸಿಕೊಂಡಿತು. ಹೆರಿಗೆ ಮಾಡಿಸಿದ್ದು ಗುರುಬಸಮ್ಮನೇ, ಗಂಡು ಕೂಸು. ಬಾಣಂತಿ ಮನೆಯಲ್ಲಿ ಯಾಕೆ, ಹೆಸರಿಟ್ಟ ಮೇಲೆ ಹೇಳಿದರಾಯಿತು ಅಂದುಕೊಂಡಳು. ಹೆಸರಿಡುವುದಕ್ಕೆ ದೇಶನೂರಿನ ಬೀಗರು ಬಂದರು. ಅವರ ಮುಂದೆ ಬೇಡ, ಚನ್ನಿ ಗಂಡನ ಮನೆಗೆ ಹೋದ ಮೇಲಾಗಲಿ ಅಂದುಕೊಂಡಳು. ಚನ್ನಿ ಐದನೇ ತಿಂಗಳಿಗೆ ಹೋದಳು. ಅಷ್ಟರಲ್ಲಿ ಗುರುಬಸಮ್ಮ ತಾನಾಗಿ ಕೇಳಿ ಬರೆದಿದ್ದ ಅರ್ಜಿಗೆ ಉತ್ತರ ಬಂದು, ಅವಳಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಬಸ್ಸು ಹತ್ತುವಾಗ ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಆ ಮಾತು ಎತ್ತಲಿಲ್ಲ.

ಸಿರುಗುಪ್ಪದಲ್ಲಿ ಅವಳು ರಿಜಿಸ್ಟರಿನ ಪ್ರತಿ ಹೆಣ್ಣಿನ ಹೆಸರಿನ ಪಕ್ಕ 'ಈ ಊರಿಗೆ ಬಂದು ಎಷ್ಟು ದಿನ' ಎಂದು ಸಣ್ಣಕ್ಷರದಲ್ಲಿ ಬರೆಯತೊಡಗಿದಳು. ಅದಕ್ಕೆ ಕಾಲಂ ಇಲ್ಲವೆಂದು ಮೇಲಿನವರು ಎರಡು ಸಲ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರೂ ಬಿಡಲಿಲ್ಲ.

ಎಂಬತ್ಮೂರರಲ್ಲಿ, ಅವಳ ಕೂದಲು ಅರ್ಧ ನೆರೆತಿದ್ದಾಗ, ಹೊಸದಾಗಿ ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಬಸುರಿಯೊಬ್ಬಳು ಹೆಸರು ಬರೆಸಲು ಬಂದಳು. ತವರು ಕುರುಗೋಡು. ವಯಸ್ಸು ಕೇಳಿದರೆ ಹುಡುಗಿ ತಲೆ ಕೆರೆದುಕೊಂಡಳು.

"ವರ್ಸ ಗೊತ್ತಿಲ್ರಿ. ನಾ ಹುಟ್ಟಿದ್ದು ಹಂಪಕ್ಕನ ಕಾಲರಾದಾಗ ಅಂತಿದ್ಲು ನಮ್ಮವ್ವ."

ಗುರುಬಸಮ್ಮ ಪೆನ್ನು ಕೆಳಗಿಟ್ಟಳು.

"ಹಂಪಕ್ಕ ಯಾರು ಅಂತ ಗೊತ್ತೇನವ್ವ ನಿನಗ?"

"ಇಲ್ರಿ. ಯಾರೋ ಕೇರಿಯಾಕಿ ಅಂತ್ರಿ, ಬಾವಿಗಿ ಬ್ಯಾನಿ ಹಚ್ಚಿದ್ಲಂತ."

"ಆಕಿ ಹಚ್ಚಿಲ್ಲ. ಬಾವಿ ಮೊದಲ ಕೆಟ್ಟಿತ್ತು. ನಾ ಇದ್ದ ಮನ್ಯಾಗ ಒಬ್ಬಾಕಿಗಿ ಆಗಿತ್ತು. ಅದನ್ನ ಬ್ಯಾರೆ ಊರಿನ ಹೆಸರಿಗಿ ಬರದು, ಅದ ಬಾವಿ ನೀರು ಆಕಿ ಕೊಡಕ್ಕ ಸುರದಾಕಿ ನಾನು."

ಹದಿನೆಂಟು ವರ್ಷ ನಾಲಗೆಯ ಮೇಲಿದ್ದ ಮಾತು ಎರಡು ಉಸಿರಿಗೆ ಮುಗಿದುಹೋಯಿತು. ಹುಡುಗಿ ದೊಡ್ಡ ಕಣ್ಣು ಮಾಡಿ, "ಹೌದೇನ್ರಿ?" ಎಂದಳು. ಹೊರಗೆ ಅತ್ತೆ ಕಾಯುತ್ತಿದ್ದಾಳೆಂದು ಬಾಗಿಲ ಕಡೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಮಾತ್ರೆಯ ಪೊಟ್ಟಣ ತೋರಿಸಿ ಕೇಳಿದಳು:

"ಇವನ್ನ ಉಂಡ ಮ್ಯಾಲೆ ತಗೊಳ್ಳದೇನ್ರಿ, ಉಣ್ಣದಕ್ಕಿಂತ ಮೊದಲ?"

"ಉಂಡ ಮ್ಯಾಲೆ" ಎಂದಳು ಗುರುಬಸಮ್ಮ.